ಇನ್ಸ್‌ಬ್ರುಕ್ ಪ್ರಕರಣ: 42ರಲ್ಲಿ 38 ಮಂದಿಗೆ ಸೋರಿಕೆ ನಿಂತಿತೆಂದ ಪ್ರಯೋಗ

ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ‘ದಿ ಲ್ಯಾನ್ಸೆಟ್’ನ 2007ರ ಜೂನ್ 30ರ ಸಂಚಿಕೆಯಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್ ವೈದ್ಯಕೀಯ ವಿಶ್ವವಿದ್ಯಾಲಯದ ಮೂತ್ರರೋಗ ತಜ್ಞರ ಪ್ರಬಂಧವೊಂದು ಪ್ರಕಟವಾಯಿತು. ಕೆಮ್ಮಿದಾಗ, ಸೀನಿದಾಗ, ನಕ್ಕಾಗ, ಭಾರ ಎತ್ತಿದಾಗ ತಡೆಯಲಾಗದೆ ಮೂತ್ರ ಸೋರುವ ತೊಂದರೆಯಿದ್ದ 63 ಮಹಿಳೆಯರ ಮೇಲೆ ನಡೆಸಿದ ಪ್ರಯೋಗವೆಂದು ಅದು ಹೇಳಿಕೊಂಡಿತ್ತು. 42 ಮಂದಿಗೆ ಅವರದೇ ತೋಳಿನ ಸ್ನಾಯುವಿನಿಂದ ಬೆಳೆಸಿದ ಜೀವಕೋಶಗಳ ಚುಚ್ಚುಮದ್ದು, ಉಳಿದ 21 ಮಂದಿಗೆ ಆಗ ಬಳಕೆಯಲ್ಲಿದ್ದ, ಕೊಲಾಜೆನ್ ಎಂಬ ಪ್ರೋಟೀನಿನ ಚುಚ್ಚುಮದ್ದು. ವರ್ಷ ಕಳೆದ ಮೇಲೆ ಕೋಶ ಪಡೆದ 42ರಲ್ಲಿ 38 ಮಂದಿಗೆ ಸೋರಿಕೆ ಪೂರ್ತಿ ನಿಂತಿತ್ತು. ಕೊಲಾಜೆನ್ ಪಡೆದ 21ರಲ್ಲಿ ಇಬ್ಬರಿಗೆ ಮಾತ್ರ ನಿಂತಿತ್ತು.

2008ರ ಸೆಪ್ಟೆಂಬರ್‌ನಲ್ಲಿ ಅದೇ ಪತ್ರಿಕೆಯ ಸಂಪಾದಕರು ಪ್ರಬಂಧವನ್ನು ಹಿಂತೆಗೆದುಕೊಂಡರು. ಆಸ್ಟ್ರಿಯಾ ಸರ್ಕಾರದ ತನಿಖೆ ಅಷ್ಟರೊಳಗೆ ಅಲ್ಲಿನ ಕಡತಗಳನ್ನು ತೆರೆದು ನೋಡಿತ್ತು.

ಈ ಪ್ರಕರಣವನ್ನು ‘ವೈಜ್ಞಾನಿಕ ವಂಚನೆ’ ಎಂಬ ಕಪಾಟಿನಲ್ಲಿಟ್ಟು ಬಾಗಿಲು ಮುಚ್ಚುವುದು ಸುಲಭ. ಆದರೆ ನನಗೆ ಇದರಲ್ಲಿ ಬಹಳ ಮುಖ್ಯವೆನಿಸುವುದು ಬೇರೆಯೇ ಒಂದು ಸಂಗತಿ. ಮೇಜಿನ ಮೇಲೆ ಮಲಗಿದ ಹೆಂಗಸಿಗೆ ತನಗೆ ನಡೆಯುತ್ತಿರುವುದು ಚಿಕಿತ್ಸೆಯೋ, ಪ್ರಯೋಗವೋ ಎಂಬುದು ಗೊತ್ತಿತ್ತೇ? ಆ ಒಂದು ಗೆರೆ ಅಳಿಸಿಹೋದರೆ ಅಂಕಿಅಂಶ, ಒಪ್ಪಿಗೆ ಪತ್ರ, ಹೋಲಿಕೆಯ ಗುಂಪು ಎಲ್ಲವೂ ಒಂದರ ಹಿಂದೆ ಒಂದರಂತೆ ಅರ್ಥ ಕಳೆದುಕೊಳ್ಳುತ್ತವೆ. ಇನ್ಸ್‌ಬ್ರುಕ್‌ನಲ್ಲಿ ಆದದ್ದು ಅದೇ ಎಂದು ನಾನು ಓದುತ್ತೇನೆ.

ಸೋರಿಕೆ ಏಕೆ, ಕೋಶ ಏಕೆ

ಹೆಂಗಸರಲ್ಲಿ ಮೂತ್ರಕೋಶದಿಂದ ಹೊರಗೆ ಬರುವ ನಾಳ ಸುಮಾರು 4 ಸೆಂಟಿಮೀಟರ್ ಉದ್ದ, ಅಷ್ಟೇ. ಅದು ಮುಚ್ಚಿಕೊಂಡಿರಲು ಎರಡು ಏರ್ಪಾಡುಗಳು ಬೇಕು. ಒಂದು, ನಾಳದ ಕೆಳಗೆ ಅದನ್ನು ಹೊತ್ತು ನಿಲ್ಲುವ ಆಧಾರ, ಅಂದರೆ ಕಿಬ್ಬೊಟ್ಟೆಯ ತಳದ ಸ್ನಾಯುಗಳು ಮತ್ತು ಅವುಗಳಿಗೆ ಅಂಟಿದ ಪೊರೆ. ಎರಡು, ನಾಳವನ್ನೇ ಸುತ್ತುವರಿದು ಬಿಗಿಯುವ ಸ್ಫಿಂಕ್ಟರ್ ಸ್ನಾಯು. ಅಮೆರಿಕದ ಸ್ತ್ರೀರೋಗ ತಜ್ಞ ಜಾನ್ ಡಿಲಾನ್ಸಿ 1994ರಲ್ಲಿ ಮೊದಲನೆಯದನ್ನು ವಿವರಿಸಿದ ಬಗೆ ಇಂದಿಗೂ ಪಾಠ ಹೇಳಲು ಬಳಕೆಯಲ್ಲಿದೆ: ಗಟ್ಟಿ ನೆಲದ ಮೇಲಿರುವ ರಬ್ಬರ್ ಕೊಳವೆಯನ್ನು ತುಳಿದರೆ ನೀರು ನಿಲ್ಲುತ್ತದೆ, ಮೆತ್ತನೆ ಮಣ್ಣಿನ ಮೇಲಿದ್ದರೆ ಕೊಳವೆ ಹೂತುಹೋಗುತ್ತದೆಯೇ ಹೊರತು ನೀರು ನಿಲ್ಲುವುದಿಲ್ಲ. ಹೆರಿಗೆಯಲ್ಲಿ ಹಿಗ್ಗಿ ಹರಿದ ಆಧಾರ ಆ ಮೆತ್ತನೆ ಮಣ್ಣು.

ಸ್ಫಿಂಕ್ಟರ್ ಸ್ನಾಯುವಿನ ಕಥೆ ಇನ್ನೊಂದು. ವಯಸ್ಸಾದಂತೆ ಅದರ ನಾರುಗಳ ಸಂಖ್ಯೆ ಇಳಿಯುತ್ತದೆ. ಹೆರಿಗೆಯಲ್ಲಿ ನರಕ್ಕೆ ಪೆಟ್ಟಾದರೆ ಉಳಿದ ನಾರುಗಳೂ ಸೊರಗುತ್ತವೆ. ಆಧಾರವನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಗಳು ಬಹಳ ಹಿಂದಿನಿಂದಲೂ ಇವೆ. ನಾಳದ ಅಕ್ಕಪಕ್ಕದ ಅಂಗಾಂಶವನ್ನು ಹೊಲಿಗೆ ಹಾಕಿ ಮೇಲಕ್ಕೆತ್ತಿ ನಿಲ್ಲಿಸುವ ಬರ್ಚ್ ಅವರ ವಿಧಾನ 1961ರದ್ದು. ಸ್ವೀಡನ್ನಿನ ಉಲ್ಫ್ ಉಲ್ಮ್‌ಸ್ಟೆನ್ ಮತ್ತು ಸಂಗಡಿಗರು ನಾಳದ ನಡುಭಾಗದ ಕೆಳಗೆ ಪ್ಲಾಸ್ಟಿಕ್ ಜಾಲರಿಯ ಪಟ್ಟಿ ಇಡುವ ವಿಧಾನವನ್ನು ವಿವರಿಸಿದ್ದು 1996ರಲ್ಲಿ. ಆದರೆ ಇವಾವುವೂ ಕಳೆದುಹೋದ ಸ್ನಾಯುವನ್ನು ಮರಳಿ ಕೊಡುವುದಿಲ್ಲ. ನಾಳದ ಗೋಡೆಯೊಳಗೆ ದನದ ಚರ್ಮದಿಂದ ತೆಗೆದ ಕೊಲಾಜೆನ್ ಚುಚ್ಚಿ ಗೋಡೆಯನ್ನು ಉಬ್ಬಿಸುವ ಉಪಾಯಕ್ಕೆ ಅಮೆರಿಕದಲ್ಲಿ 1993ರಲ್ಲಿ ಅನುಮತಿ ಸಿಕ್ಕಿತ್ತು. ಅಲರ್ಜಿ ಇದೆಯೇ ಎಂದು ಮೊದಲು ಚರ್ಮದ ಪರೀಕ್ಷೆ ಮಾಡಬೇಕಿತ್ತು. ದೇಹ ಕೊಲಾಜೆನ್ನನ್ನು ಮೆಲ್ಲಗೆ ಅರಗಿಸಿಕೊಳ್ಳುವುದರಿಂದ ಮತ್ತೆ ಮತ್ತೆ ಚುಚ್ಚಿಸಿಕೊಳ್ಳಬೇಕಿತ್ತು.

ಕಳೆದುಹೋದ ಸ್ನಾಯುವನ್ನೇ ಮತ್ತೆ ಬೆಳೆಸಿದರೆ? ಇದು ತಕ್ಕ ಪ್ರಶ್ನೆ, ಹುಚ್ಚು ಕನಸಲ್ಲ. ನಮ್ಮ ಕೈಕಾಲಿನ ಸ್ನಾಯುನಾರಿನ ಅಂಚಿಗೆ ಅಂಟಿಕೊಂಡು ಸ್ಯಾಟಲೈಟ್ ಕೋಶಗಳೆಂಬ ಸಣ್ಣ ಕೋಶಗಳಿರುತ್ತವೆ. ಅಲೆಕ್ಸಾಂಡರ್ ಮೌರೋ ಅವನ್ನು 1961ರಲ್ಲಿ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಗುರುತಿಸಿದರು. ಸ್ನಾಯುವಿಗೆ ಗಾಯವಾದಾಗ ಇವು ಎಚ್ಚೆತ್ತು, ವಿಭಜಿಸಿ, ಮಯೋಬ್ಲಾಸ್ಟ್‌ಗಳಾಗಿ, ಒಂದಕ್ಕೊಂದು ಬೆಸೆದು ಹೊಸ ನಾರಾಗುತ್ತವೆ. ತೋಳಿನಿಂದ ಚೂರು ಸ್ನಾಯು ತೆಗೆದು, ಅದನ್ನು ಕಿಣ್ವದಿಂದ ಬಿಡಿಸಿ, ಇಂಥ ಕೋಶಗಳನ್ನು ಆರಿಸಿ, ಪ್ರಯೋಗಾಲಯದಲ್ಲಿ ಕೆಲವು ವಾರ ಬೆಳೆಸಿ, ಲಕ್ಷಗಟ್ಟಲೆ ಆದ ಮೇಲೆ ಅದೇ ಹೆಂಗಸಿನ ಸ್ಫಿಂಕ್ಟರ್‌ಗೆ ಚುಚ್ಚುವುದು ಯೋಜನೆ. ಕೋಶ ಅವಳದೇ ಆದ್ದರಿಂದ ದೇಹ ತಿರಸ್ಕರಿಸುವ ಭಯವಿಲ್ಲ.

ಅನುಮಾನಕ್ಕೂ ಕಾರಣವಿತ್ತು. ಡುಷೆನ್ ಸ್ನಾಯುಕ್ಷಯವಿರುವ ಹುಡುಗರಿಗೆ 1990ರ ದಶಕದಲ್ಲಿ ಮಯೋಬ್ಲಾಸ್ಟ್ ಚುಚ್ಚಿ ನೋಡಿದ್ದರು. ಚುಚ್ಚಿದ ಕೋಶಗಳಲ್ಲಿ ಬಹುಪಾಲು ಮೊದಲ ಕೆಲವು ದಿನಗಳಲ್ಲೇ ಸಾಯುತ್ತವೆಂಬುದು ಆಗಲೇ ತಿಳಿದಿತ್ತು. ಬದುಕಿದ ಕೋಶ ನಾರಾದರೂ ಅದಕ್ಕೆ ನರದ ಸಂಪರ್ಕ ಬೇಕು. ನರವೇ ಸೊರಗಿದ ಜಾಗದಲ್ಲಿ ಹೊಸ ನಾರು ಯಾರ ಆಜ್ಞೆಗೆ ಬಿಗಿಯಬೇಕು? ಈ ಹಿನ್ನೆಲೆ ತಿಳಿದವರಿಗೆ 42ರಲ್ಲಿ 38 ಎಂಬ ಸಂಖ್ಯೆ ಸಂತೋಷಕ್ಕಿಂತ ಮೊದಲು ಅಚ್ಚರಿ ಹುಟ್ಟಿಸಬೇಕಿತ್ತು.

ಪ್ರಬಂಧದೊಳಗೆ ಇದ್ದದ್ದು

ಮುಖ್ಯ ಲೇಖಕರು ಹಾನ್ನೆಸ್ ಸ್ಟ್ರಾಸರ್. ವಿಭಾಗದ ಮುಖ್ಯಸ್ಥ ಗಿಯಾರ್ಗ್ ಬಾರ್ಟ್ಶ್ ಸಹಲೇಖಕರಲ್ಲಿ ಒಬ್ಬರು. ಪ್ರಬಂಧದ ಪ್ರಕಾರ ಮಹಿಳೆಯರನ್ನು ಸೇರಿಸಿಕೊಂಡದ್ದು 2002ರಿಂದ 2004ರ ನಡುವೆ. ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ, ನಿರ್ಧರಿಸಲಾಗಿತ್ತು ಎಂದು ಬರೆದಿತ್ತು. ಕೋಶಗಳನ್ನು ಚುಚ್ಚಿದ್ದು ಮೂತ್ರನಾಳದೊಳಗೆ ಇಳಿಸಿದ ಅಲ್ಟ್ರಾಸೌಂಡ್ ಕಡ್ಡಿಯ ಮಾರ್ಗದರ್ಶನದಲ್ಲಿ. ಕೊಲಾಜೆನ್ ಚುಚ್ಚಿದ್ದು ಎಂದಿನಂತೆ ಎಂಡೋಸ್ಕೋಪ್ ಮೂಲಕ.

ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಎರಡು ಗುಂಪುಗಳಿಗೆ ಎರಡು ಬಗೆಯ ಮದ್ದು ಮಾತ್ರವಲ್ಲ, ಚುಚ್ಚುವ ವಿಧಾನವೂ ಬೇರೆ ಬೇರೆ. ಹೀಗಿರುವಾಗ ಫಲಿತಾಂಶದಲ್ಲಿ ಅಂತರ ಕಂಡರೆ ಅದು ಕೋಶದಿಂದ ಬಂತೋ, ಸೂಜಿ ನಿಖರವಾಗಿ ನಾಟಿದ್ದರಿಂದ ಬಂತೋ ಎಂದು ಬಿಡಿಸಲಾಗದು. ಇನ್ನೊಂದು ತೊಡಕೂ ಇತ್ತು. ಸ್ನಾಯುಕೋಶದ ಜೊತೆಗೆ ಫೈಬ್ರೊಬ್ಲಾಸ್ಟ್ ಎಂಬ ಸಂಯೋಜಕ ಅಂಗಾಂಶದ ಕೋಶಗಳನ್ನೂ ನಾಳದ ಒಳಪದರದ ಕೆಳಗೆ ಚುಚ್ಚಲಾಗಿತ್ತು. ಅವು ಚದುರಿ ಹೋಗದಿರಲೆಂದು ಸ್ವಲ್ಪ ಕೊಲಾಜೆನ್ ಬೆರೆಸಲಾಗಿತ್ತು. ಎಂದರೆ ‘ಕೋಶದ ಗುಂಪು’ ಕೋಶವನ್ನಷ್ಟೇ ಪಡೆದ ಗುಂಪಾಗಿರಲಿಲ್ಲ.

ಫಲಿತಾಂಶ ಅಳೆಯಲು 0ಯಿಂದ 6ರವರೆಗಿನ ಒಂದು ಅಂಕ. ದಿನದ ಮೂತ್ರದ ದಿನಚರಿ, 24 ಗಂಟೆಯ ಪ್ಯಾಡ್ ತೂಕ, ಪ್ರಶ್ನಾವಳಿ ಈ ಮೂರನ್ನು ಸೇರಿಸಿ ಕೊಡುವ ಅಂಕ ಅದು. 6 ಎಂದರೆ ಅತಿ ಕೆಟ್ಟ ಸ್ಥಿತಿ. ಆರಂಭದಲ್ಲಿ ಎರಡೂ ಗುಂಪಿನ ಮಧ್ಯಾಂಕ, ಅಂದರೆ ಅಂಕಗಳನ್ನು ಏರಿಕೆಯ ಸಾಲಿನಲ್ಲಿಟ್ಟರೆ ನಟ್ಟನಡುವೆ ಬರುವ ಅಂಕ, 6. ವರ್ಷದ ನಂತರ ಕೋಶದ ಗುಂಪಿನಲ್ಲಿ ಅದು ಸೊನ್ನೆಗೆ ಇಳಿದಿತ್ತು. ಸ್ಫಿಂಕ್ಟರ್‌ನ ಸರಾಸರಿ ದಪ್ಪ 2.13 ಮಿಲಿಮೀಟರ್‌ನಿಂದ 3.38ಕ್ಕೆ ಏರಿತ್ತು. ಕೊಲಾಜೆನ್ ಗುಂಪಿನ ಮಧ್ಯಾಂಕ ಮೊದಲೂ 6, ನಂತರವೂ 6.

ನನ್ನ ಕಣ್ಣು ಮತ್ತೆ ಮತ್ತೆ ಹೋಗಿ ನಿಲ್ಲುವುದು ಈ ಕೊನೆಯ ಸಾಲಿನ ಮೇಲೆ. ಎಲ್ಲರೂ 38ನ್ನು ನೋಡಿದರು. ನೋಡಬೇಕಾಗಿದ್ದದ್ದು ಕೊಲಾಜೆನ್ ಗುಂಪನ್ನು. ಕೊಲಾಜೆನ್ ಉತ್ತಮ ಮದ್ದೇನೂ ಆಗಿರಲಿಲ್ಲ, ನಿಜ. ಆದರೂ ಅದನ್ನು ಹಲವು ವರ್ಷಗಳಿಂದ ಬಳಸುತ್ತಿದ್ದವರ ವರದಿಗಳಲ್ಲಿ ಪೂರ್ತಿ ಗುಣವಾಗದಿದ್ದರೂ ಒಂದಿಷ್ಟು ಹಗುರಾದೆವೆಂದವರು ಸಾಕಷ್ಟು ಮಂದಿ ಇದ್ದರು. ಅಂಥ ಮದ್ದು ಇಲ್ಲಿ ಗುಂಪಿನ ಮಧ್ಯದ ಹೆಂಗಸನ್ನು ಇದ್ದ ಜಾಗದಿಂದ ಕದಲಿಸಲೇ ಇಲ್ಲವಂತೆ. ಹೋಲಿಕೆಯ ಗುಂಪು ಇಷ್ಟು ನಿಶ್ಚಲವಾಗಿದ್ದರೆ ಅದು ಹೊಸ ಮದ್ದಿನ ಶಕ್ತಿಗೆ ಸಾಕ್ಷಿಯಲ್ಲ; ಅಳತೆಯನ್ನು ತಿರುಗಿ ನೋಡಿ ಎಂಬ ಕರೆ.

ದೂರು ಮತ್ತು ತನಿಖೆ

ಪ್ರಬಂಧ ಹೊರಬಂದಾಗ ಇನ್ಸ್‌ಬ್ರುಕ್‌ನಲ್ಲಿ ಈ ಚುಚ್ಚುಮದ್ದು ಪ್ರಯೋಗದ ಗಡಿ ದಾಟಿ, ಸಾಮಾನ್ಯ ಚಿಕಿತ್ಸೆಯಂತೆ ಹಲವರಿಗೆ ಸಿಗುತ್ತಿತ್ತು. ಅದನ್ನು ಪಡೆದವರ ಅಸಮಾಧಾನವೇ ಪ್ರಶ್ನೆಗಳ ಆರಂಭ. ಸೋರಿಕೆ ನಿಲ್ಲದಿದ್ದರೆ ಹೆಂಗಸರು ಸುಮ್ಮನಾಗುತ್ತಾರೆ ಎಂಬ ಎಣಿಕೆ ಜಗತ್ತಿನ ಎಲ್ಲೆಡೆಯೂ ಇದೆ. ಇಲ್ಲಿ ಆ ಎಣಿಕೆ ತಪ್ಪಿತು. ಎಲ್ಲರೆದುರು ಬಾಯಿಬಿಟ್ಟು ಹೇಳಲು ನಾಚಿಕೆಯಾಗುವ ಕಾಯಿಲೆಯ ಬಗ್ಗೆ ಅಧಿಕಾರಿಗಳೆದುರು ಮಾತಾಡಲು ಬೇಕಾದ ಧೈರ್ಯವನ್ನು ಈ ಪ್ರಕರಣದ ವಿವರಣೆಗಳು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ದಾಟಿಬಿಡುತ್ತವೆ. ಅದು ಅನ್ಯಾಯ. ಪತ್ರಿಕೆಯ ಪರಿಶೀಲಕರಿಗೆ ಸಿಗದ ಎಳೆ ಸಿಕ್ಕಿದ್ದು ಚಿಕಿತ್ಸೆ ಪಡೆದವರಿಂದ.

ಆಸ್ಟ್ರಿಯಾದ ಆರೋಗ್ಯ ಮತ್ತು ಆಹಾರ ಸುರಕ್ಷತಾ ಸಂಸ್ಥೆಯ ಔಷಧ ವಿಭಾಗ ತನಿಖೆ ನಡೆಸಿತು. ಅದರ ವರದಿ 2008ರ ಬೇಸಿಗೆಯಲ್ಲಿ ಹೊರಬಂದಾಗ ಅದರಲ್ಲಿದ್ದ ಪ್ರಶ್ನೆಗಳು ಬಹಳ ಬುಡದ ಪ್ರಶ್ನೆಗಳು. ನೈತಿಕ ಸಮಿತಿಯ ಅನುಮತಿ ಸರಿಯಾಗಿ ಇತ್ತೇ? ಮಹಿಳೆಯರಿಂದ ಪಡೆದ ಒಪ್ಪಿಗೆ ಒಪ್ಪಿಗೆ ಎನಿಸಿಕೊಳ್ಳುವಂಥದ್ದೇ? ದಾಖಲೆಗಳನ್ನು ನಂಬಬಹುದೇ? ಪ್ರಬಂಧದಲ್ಲಿ ವಿವರಿಸಿದ ರೂಪದಲ್ಲಿ ಒಂದು ಪ್ರಯೋಗ ನಡೆದಿತ್ತೇ ಎಂಬುದರ ಬಗ್ಗೆಯೇ ತನಿಖೆಗಾರರಿಗೆ ಸಂದೇಹವಿತ್ತು. ಲ್ಯಾನ್ಸೆಟ್‌ನ ಸಂಪಾದಕರು ಈ ವರದಿಯನ್ನು ಆಧರಿಸಿ, ಅಕ್ರಮಗಳು ಇಷ್ಟಿರುವಾಗ ಪ್ರಬಂಧ ವೈಜ್ಞಾನಿಕ ದಾಖಲೆಯಲ್ಲಿ ಉಳಿಯಲಾಗದು ಎಂಬ ತೀರ್ಮಾನಕ್ಕೆ ಬಂದರು.

ಅದೇ ವರ್ಷ ವಿಶ್ವವಿದ್ಯಾಲಯದ ರೆಕ್ಟರ್, ಅಂದರೆ ಮುಖ್ಯಸ್ಥ, ಕ್ಲೆಮೆನ್ಸ್ ಜೋರ್ಗ್ ಅವರನ್ನು ಹುದ್ದೆಯಿಂದ ಇಳಿಸಲಾಯಿತು. ಅದಕ್ಕೂ ಈ ತನಿಖೆಗೂ ನಂಟೇನು ಎಂಬ ಚರ್ಚೆ ‘ನೇಚರ್’ ಪತ್ರಿಕೆಯ ಪುಟಗಳಿಗೂ ತಲುಪಿತು. ಸಂಸ್ಥೆಯ ಒಳರಾಜಕೀಯ ಇಲ್ಲಿ ನನ್ನ ವಿಷಯವಲ್ಲ. ಆದರೆ ಪ್ರಶ್ನೆ ಕೇಳುವವರಿಗೂ ಕೇಳಿಸಿಕೊಳ್ಳುವವರಿಗೂ ಒಂದೇ ಸಂಸ್ಥೆ ಸಂಬಳ ಕೊಡುವಾಗ ಸತ್ಯ ಹೊರಬರಲು ಹೊರಗಿನ ಕಣ್ಣು ಬೇಕಾಗುತ್ತದೆ. ಇನ್ಸ್‌ಬ್ರುಕ್‌ನಲ್ಲಿ ಆ ಕೆಲಸ ಮಾಡಿದ್ದು ಸರ್ಕಾರಿ ಸಂಸ್ಥೆ.

ಒಪ್ಪಿಗೆಯ ಪ್ರಶ್ನೆಗೆ ಇನ್ನೊಮ್ಮೆ ಬರುತ್ತೇನೆ. ಪ್ರಯೋಗ ಎಂದರೆ ವೈದ್ಯರಿಗೆ ಉತ್ತರ ಗೊತ್ತಿಲ್ಲ ಎಂದರ್ಥ. ಗೊತ್ತಿಲ್ಲವೆಂಬ ಕಾರಣಕ್ಕೇ ಚೀಟಿ ಎತ್ತಿದಂತೆ ಗುಂಪು ಮಾಡುವುದು, ಹೋಲಿಕೆ ಇಡುವುದು, ಎಣಿಸುವುದು. ‘ಇದು ಗುಣ ಮಾಡುತ್ತದೆ’ ಎಂದು ಹೇಳಿ ಚುಚ್ಚಿದ ಮೇಲೆ ಆ ಮಹಿಳೆ ಪ್ರಯೋಗದ ಪಾಲುದಾರಳಲ್ಲ, ಗ್ರಾಹಕಿ. ಗ್ರಾಹಕಿಯಿಂದ ಪಡೆದ ಸಂಖ್ಯೆಗಳನ್ನು ಪ್ರಯೋಗದ ಸಂಖ್ಯೆಗಳೆಂದು ಬರೆಯಲಾಗದು. ನೈತಿಕತೆ ಒಂದು ಕಡೆ, ವಿಜ್ಞಾನ ಇನ್ನೊಂದು ಕಡೆ ಎಂದು ಬೇರ್ಪಡಿಸಿ ಮಾತಾಡುವ ಅಭ್ಯಾಸ ನಮ್ಮಲ್ಲಿದೆ. ಈ ಪ್ರಕರಣದಲ್ಲಿ ಅವೆರಡೂ ಒಂದೇ ಜಾಗದಲ್ಲಿ ಮುರಿದವು.

ಅದೇ ಪ್ರಶ್ನೆಗೆ ನೇರ ದಾರಿಯಲ್ಲಿ ಹೋದವರು

ಇನ್ಸ್‌ಬ್ರುಕ್ ಪ್ರಬಂಧ ಬಿದ್ದ ವರ್ಷವೇ, 2008ರಲ್ಲಿ, ಕೆನಡಾದ ಟೊರಾಂಟೊದಿಂದ ಲೆಸ್ಲಿ ಕಾರ್ ಮತ್ತು ಅಮೆರಿಕದ ಪಿಟ್ಸ್‌ಬರ್ಗ್‌ನ ಸಂಶೋಧಕರು ಸೇರಿ ಒಂದು ಸಣ್ಣ ವರದಿ ಪ್ರಕಟಿಸಿದರು. 8 ಮಹಿಳೆಯರು. ತೊಡೆಯ ಸ್ನಾಯುವಿನಿಂದ ಕೋಶ. 5 ಮಂದಿಗೆ ಸುಧಾರಣೆ, ಒಬ್ಬರಿಗೆ ಪೂರ್ತಿ ಹತೋಟಿ. ಹೋಲಿಕೆಯ ಗುಂಪಿಲ್ಲದ ಆರಂಭಿಕ ಅಧ್ಯಯನ ಇದೆಂದು ಅವರೇ ಹೇಳಿಕೊಂಡಿದ್ದರು. 38ರ ಪಕ್ಕದಲ್ಲಿ ಇಟ್ಟರೆ ಇದು ಸೋಲಿನಂತೆ ಕಾಣುತ್ತದೆ. ಸುಳ್ಳು ಸಂಖ್ಯೆಯೊಂದು ಮಾಡುವ ದೊಡ್ಡ ಹಾನಿ ಇದೇ: ಆಮೇಲೆ ಬರುವ ನೇರ ಸಂಖ್ಯೆಗಳನ್ನೆಲ್ಲ ಅದು ಕುಬ್ಜ ಮಾಡುತ್ತದೆ.

ಮುಂದೆ ಪಿಟ್ಸ್‌ಬರ್ಗ್‌ನ ಕುಕ್ ಮಯೋಸೈಟ್ ಕಂಪನಿ ಈ ದಾರಿಯನ್ನು ಹಿಡಿಯಿತು. 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 80 ಮಹಿಳೆಯರಿಗೆ 1 ಕೋಟಿಯಿಂದ 20 ಕೋಟಿ ಕೋಶಗಳವರೆಗೆ ಬೇರೆ ಬೇರೆ ಪ್ರಮಾಣ ಕೊಟ್ಟು ಮುಖ್ಯವಾಗಿ ಸುರಕ್ಷತೆಯನ್ನು ನೋಡಿದರು. ದೊಡ್ಡ ಪರೀಕ್ಷೆ ಬಂದದ್ದು ಆ ನಂತರ, ಅದರ ವರದಿ 2018ರಲ್ಲಿ. ಅದರ ವಿನ್ಯಾಸವನ್ನು ಗಮನಿಸಿ: ಎಲ್ಲ ಮಹಿಳೆಯರ ಸ್ನಾಯುವಿನಿಂದಲೂ ಚೂರು ತೆಗೆದರು, ಎಲ್ಲರಿಗೂ ಒಂದೇ ರೀತಿಯಲ್ಲಿ ಚುಚ್ಚಿದರು. ಕೆಲವರ ಸಿರಿಂಜಿನಲ್ಲಿ ಕೋಶ ಇತ್ತು, ಉಳಿದವರ ಸಿರಿಂಜಿನಲ್ಲಿ ಕೋಶವಿಲ್ಲದ ದ್ರಾವಣ ಮಾತ್ರ. ಚುಚ್ಚಿದ ವೈದ್ಯರಿಗೂ ಚುಚ್ಚಿಸಿಕೊಂಡವರಿಗೂ ಯಾರದ್ದು ಯಾವುದೆಂದು ಗೊತ್ತಿರಲಿಲ್ಲ. ಇನ್ಸ್‌ಬ್ರುಕ್‌ನ ಎರಡು ವಿಧಾನ, ಎರಡು ಮದ್ದುಗಳ ಗೊಂದಲಕ್ಕೆ ಇಲ್ಲಿ ಜಾಗವಿರಲಿಲ್ಲ.

ಆಮೇಲೆ ಆದದ್ದು ಈ ಕ್ಷೇತ್ರದಲ್ಲಿ ಯಾರೂ ಎಣಿಸದಿದ್ದ ಸಂಗತಿ. ಸೇರಿಸಬೇಕೆಂದಿದ್ದ 246 ಮಂದಿಯಲ್ಲಿ 150 ಮಂದಿ ಆದ ಮೇಲೆ ಪ್ರಯೋಗವನ್ನು ನಿಲ್ಲಿಸಬೇಕಾಯಿತು. ಅಪಾಯವೇನೂ ಸಂಭವಿಸಿರಲಿಲ್ಲ. ಕೋಶವಿಲ್ಲದ ದ್ರಾವಣ ಪಡೆದವರಲ್ಲೂ ಶೇ 90ರಷ್ಟು ಮಂದಿ ‘ಸುಧಾರಿಸಿದವರು’ ಎಂಬ ಅಳತೆಯನ್ನು ದಾಟಿದ್ದರು. ಸೋರಿಕೆಯ ಸಲಗಳಲ್ಲಾಗಲಿ ಪ್ಯಾಡಿನ ತೂಕದಲ್ಲಾಗಲಿ ಅರ್ಧದಷ್ಟು ಇಳಿಕೆ ಕಂಡರೆ ಸುಧಾರಣೆ ಎಂದು ಲೆಕ್ಕ. ಶೇ 90ರ ಮೇಲೆ ಕೋಶ ಇನ್ನೆಷ್ಟು ಏರಬಲ್ಲದು?

ಇದು ಏಕೆ ಹೀಗೆ ಎಂದು ತಿಳಿಯಲು ಪ್ಯಾಡ್ ಪರೀಕ್ಷೆಯನ್ನು ಹತ್ತಿರದಿಂದ ನೋಡಬೇಕು. ಅಂತಾರಾಷ್ಟ್ರೀಯ ಕಾಂಟಿನೆನ್ಸ್ ಸೊಸೈಟಿ ರೂಪಿಸಿದ ಒಂದು ಗಂಟೆಯ ಪರೀಕ್ಷೆಯಲ್ಲಿ ಒಣ ಪ್ಯಾಡನ್ನು ತೂಗಿ ಹಾಕಿಕೊಳ್ಳಲು ಕೊಡುತ್ತಾರೆ. ಅರ್ಧ ಲೀಟರ್ ನೀರು ಕುಡಿದು ಸ್ವಲ್ಪ ಹೊತ್ತು ಕೂರಬೇಕು. ಅರ್ಧ ಗಂಟೆ ನಡೆಯಬೇಕು, ನಡುವೆ ಮೆಟ್ಟಿಲು ಹತ್ತಿ ಇಳಿಯಬೇಕು. ಆಮೇಲೆ ಹತ್ತು ಬಾರಿ ಕುಳಿತು ಏಳಬೇಕು, ಹತ್ತು ಬಾರಿ ಜೋರಾಗಿ ಕೆಮ್ಮಬೇಕು, ನಿಂತಲ್ಲೇ ಒಂದು ನಿಮಿಷ ಓಡಬೇಕು, ಐದು ಬಾರಿ ಬಗ್ಗಿ ನೆಲದಿಂದ ಏನನ್ನಾದರೂ ಎತ್ತಬೇಕು, ಕೊನೆಗೆ ಹರಿಯುವ ನೀರಿನಲ್ಲಿ ಒಂದು ನಿಮಿಷ ಕೈ ತೊಳೆಯಬೇಕು. ನಂತರ ಪ್ಯಾಡ್ ತೆಗೆದು ಮತ್ತೆ ತೂಗುತ್ತಾರೆ. ಒಂದು ಗ್ರಾಂಗಿಂತ ಹೆಚ್ಚಿದ್ದರೆ ಸೋರಿಕೆ ಇದೆ ಎಂದು ಅರ್ಥ.

ಗ್ರಾಂ ಲೆಕ್ಕದ ಅಳತೆ ಇದು, ತಕ್ಕಡಿಗೆ ಮೋಸವಿಲ್ಲ. ಆದರೆ ತಕ್ಕಡಿಗೆ ಬರುವ ಮುಂಚಿನದ್ದೆಲ್ಲ ಮನುಷ್ಯರ ವರ್ತನೆ. ಪ್ರಯೋಗಕ್ಕೆ ಸೇರಿದ ಹೆಂಗಸು ದಿನವೂ ದಿನಚರಿ ಬರೆಯುತ್ತಾಳೆ. ಬರೆಯತೊಡಗಿದ ಮೇಲೆ ಯಾವಾಗ ಸೋರುತ್ತದೆ ಎಂಬುದು ಅವಳಿಗೇ ಸ್ಪಷ್ಟವಾಗುತ್ತದೆ. ಕೆಮ್ಮು ಬರುವ ಮುನ್ನ ಬಿಗಿ ಹಿಡಿಯಲು ಕಲಿಯುತ್ತಾಳೆ, ಹೊತ್ತಿಗೆ ಸರಿಯಾಗಿ ಹೋಗಿ ಬರುತ್ತಾಳೆ, ಚಹಾ ಕಡಿಮೆ ಮಾಡುತ್ತಾಳೆ. ಅದರ ಮೇಲೆ, ತೀರಾ ಕೆಟ್ಟ ದಿನಗಳಲ್ಲೇ ಜನ ಪ್ರಯೋಗಕ್ಕೆ ಸೇರುವುದು. ಕೆಟ್ಟ ದಿನಗಳ ಬೆನ್ನಿಗೆ ಸಾಧಾರಣ ದಿನಗಳು ತಾವಾಗಿ ಬರುತ್ತವೆ. ಎಷ್ಟೋ ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಕೊನೆಗೊಮ್ಮೆ ಯಾರೋ ಕಿವಿಗೊಟ್ಟು ಕೇಳಿ, ತೂಗಿ, ಬರೆದುಕೊಳ್ಳುವುದರ ಪರಿಣಾಮವೂ ಇದೆ. ಇದಾವುದೂ ನಟನೆಯಲ್ಲ. ಆ ಹೆಂಗಸರು ನಿಜವಾಗಿಯೂ ಹಗುರಾಗಿದ್ದರು. ಕೋಶದಿಂದ ಆದದ್ದೇ ಎಂದು ಹೇಳಲು ಬರುವುದಿಲ್ಲ, ಅಷ್ಟೇ.

ಈಗ ಹಿಂದಿನ ಪ್ರಬಂಧದ ಕೊಲಾಜೆನ್ ಗುಂಪನ್ನು ನೆನೆಯಿರಿ. ಎರಡೂ ಪ್ರಯೋಗಗಳ ಅಳತೆ ಒಂದೇ ಅಲ್ಲ: ಒಂದು ಪೂರ್ತಿ ನಿಲ್ಲುವುದನ್ನು ಕೇಳಿತು, ಇನ್ನೊಂದು ಅರ್ಧ ಇಳಿಯುವುದನ್ನು. ಆದರೂ ಏನೂ ಇಲ್ಲದ ದ್ರಾವಣ ಪಡೆದವರಲ್ಲಿ ಬಹುಪಾಲು ಮಂದಿ ಕೊಂಚವಾದರೂ ಸುಧಾರಿಸುವ ಕಾಯಿಲೆಯಲ್ಲಿ, ಅನುಮತಿ ಪಡೆದ ಮದ್ದೊಂದನ್ನು ಚುಚ್ಚಿಸಿಕೊಂಡ 21 ಮಂದಿಯ ಮಧ್ಯಾಂಕ ಒಂದು ಅಂಕವೂ ಅಲುಗದೆ ಉಳಿಯಿತೆಂಬುದನ್ನು ಹೇಗೆ ನಂಬುವುದು? ತನಿಖಾ ವರದಿ ಇಲ್ಲದಿದ್ದರೂ, ಈ ಕಾಯಿಲೆಯ ಸ್ವಭಾವ ಬಲ್ಲವರು ಕೇಳಬಹುದಾಗಿದ್ದ ಪ್ರಶ್ನೆ ಇದು.

ಪಿಟ್ಸ್‌ಬರ್ಗ್‌ನವರು ಅಲ್ಲಿಗೆ ಕೈಬಿಡಲಿಲ್ಲ. ಅಳತೆಯನ್ನು ಬಿಗಿಗೊಳಿಸಿ, ಮುಕ್ಕಾಲು ಭಾಗ ಇಳಿದರೆ ಅಥವಾ ಸೋರಿಕೆ ಬಹುತೇಕ ನಿಂತರೆ ಮಾತ್ರ ಲೆಕ್ಕಕ್ಕೆ ಹಿಡಿದರೆ ಅಂತರ ಕಾಣಿಸುತ್ತದೆಯೇ ಎಂದು ನೋಡಿದರು. ಫಲಿತಾಂಶ ಬಂದ ಮೇಲೆ ಹುಡುಕಿದ ಅಂತರ ಪುರಾವೆಯಲ್ಲ, ಮುಂದಿನ ಪ್ರಯೋಗಕ್ಕೆ ಒಂದು ಸುಳಿವು. ಅದನ್ನು ಹಿಡಿದು ನಡೆಸಿದ ಕೆಲಸದಲ್ಲಿ ಗಮನ ಈಗಾಗಲೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೂ ಸೋರಿಕೆ ಉಳಿದ ಅಥವಾ ಮರುಕಳಿಸಿದ ಮಹಿಳೆಯರ ಕಡೆಗೆ ತಿರುಗಿದೆ. ಇದಕ್ಕೆ ತರ್ಕವಿದೆ. ಆಧಾರವನ್ನು ಸರಿಪಡಿಸಿಯೂ ಸೋರುತ್ತಿದ್ದರೆ ದೋಷ ಸ್ಫಿಂಕ್ಟರ್‌ನಲ್ಲೇ ಇರುವ ಸಂಭವ ಹೆಚ್ಚು. ಕೋಶ ಚಿಕಿತ್ಸೆ ಗುರಿಯಿಟ್ಟದ್ದೂ ಅದಕ್ಕೇ. ಹೆಚ್ಚು ಜನರಿಗೆ ಮಾರುವ ಆಸೆಯನ್ನು ಬಿಟ್ಟು ಯಾರಿಗೆ ಒದಗಬಹುದೋ ಅವರನ್ನು ಹುಡುಕಿಕೊಂಡು ಹೋಗುವುದು ನನಗೆ ಭರವಸೆ ಕೊಡುತ್ತದೆ.

ಬೇರೆ ದಾರಿಗಳು ಇಕ್ಕಟ್ಟಾದದ್ದೂ ಈ ಸಂಶೋಧನೆಯನ್ನು ಜೀವಂತವಾಗಿಟ್ಟಿದೆ. ಕೊಲಾಜೆನ್ ಉತ್ಪಾದನೆ 2011ರಲ್ಲಿ ನಿಂತಿತು. ಯೋನಿಯ ಮೂಲಕ ಇಡುವ ಪ್ಲಾಸ್ಟಿಕ್ ಜಾಲರಿಯಿಂದ ನೋವು, ಜಾಲರಿ ಹೊರಚಾಚುವುದು ಮೊದಲಾದ ತೊಂದರೆ ಅನುಭವಿಸಿದ ಮಹಿಳೆಯರ ಹೋರಾಟದ ಫಲವಾಗಿ 2018ರ ಜುಲೈನಲ್ಲಿ ಇಂಗ್ಲೆಂಡ್ ಸೋರಿಕೆಗೆ ಜಾಲರಿ ಪಟ್ಟಿ ಇಡುವುದನ್ನು ತಡೆಹಿಡಿಯಿತು. 2020ರ ಜುಲೈನಲ್ಲಿ ಬ್ಯಾರನೆಸ್ ಕಂಬರ್ಲೆಜ್ ನೇತೃತ್ವದ ಪರಿಶೀಲನಾ ವರದಿ, ಆ ಮಹಿಳೆಯರ ಮಾತನ್ನು ವೈದ್ಯ ವ್ಯವಸ್ಥೆ ಎಷ್ಟು ಕಾಲ ಕಿವಿಗೆ ಹಾಕಿಕೊಳ್ಳಲಿಲ್ಲ ಎಂಬುದನ್ನು ದಾಖಲಿಸಿತು. ಪಟ್ಟಿಯಿಂದ ಬದುಕು ಸುಧಾರಿಸಿದವರೂ ಬಹಳ ಮಂದಿ ಇದ್ದಾರೆ, ಅದನ್ನೂ ಹೇಳಬೇಕು.

ನಮ್ಮಲ್ಲಿ

ಕರ್ನಾಟಕದ ಮನೆಗಳಲ್ಲಿ ಈ ತೊಂದರೆಗೆ ಹೆಸರೇ ಇಲ್ಲ ಎನ್ನುವಷ್ಟು ಮೌನ. ದೂರದ ಬಸ್ ಪ್ರಯಾಣ ಎಂದರೆ ಬೆಳಗಿನಿಂದ ನೀರು ಕುಡಿಯದಿರುವುದು, ಮದುವೆಮನೆಯಲ್ಲಿ ಹಿಂದಿನ ಸಾಲಿನಲ್ಲಿ ಕೂರುವುದು, ಹಳೆ ಸೀರೆಯ ತುಂಡನ್ನು ಮಡಿಸಿ ಇಟ್ಟುಕೊಳ್ಳುವುದು. ‘ಹೆತ್ತವರಿಗೆ ಇದೆಲ್ಲ ಇದ್ದದ್ದೇ’ ಎಂದು ಅಮ್ಮ ಮಗಳಿಗೆ, ಅತ್ತೆ ಸೊಸೆಗೆ ಹೇಳಿ ಮಾತು ಮುಗಿಸುತ್ತಾರೆ. ಹೀಗೆ ಒಳಗೇ ಇಟ್ಟುಕೊಂಡವರಿಗೆ ಮೊಬೈಲಿನಲ್ಲಿ ‘ಸ್ಟೆಮ್ ಸೆಲ್ ಚಿಕಿತ್ಸೆ, ಶಸ್ತ್ರಕ್ರಿಯೆ ಇಲ್ಲದೆ ಪರಿಹಾರ’ ಎಂಬ ಜಾಹೀರಾತು ಕಂಡರೆ ಯಾರನ್ನೂ ಕೇಳದೆ ಹೋಗಿಬರುವ ಸಂಭವವೇ ಹೆಚ್ಚು. ಮೌನದ ಮೇಲೆ ವ್ಯಾಪಾರ ಬೆಳೆಯುವುದು ಹೀಗೆ. ಇದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ.

ನಿಯಮ ನಮ್ಮಲ್ಲಿ ಸಡಿಲವಾಗಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಹೊರಡಿಸಿದ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ರಕ್ತದ ಕಾಯಿಲೆಗಳಂಥ ಸ್ಥಾಪಿತ ಬಳಕೆ ಬಿಟ್ಟರೆ ಕಾಂಡಕೋಶಗಳನ್ನು (ಸ್ಟೆಮ್ ಸೆಲ್) ರೋಗಿಗಳಿಗೆ ಕೊಡಬಹುದಾದದ್ದು ಅನುಮತಿ ಪಡೆದ ಪ್ರಯೋಗದೊಳಗೆ ಮಾತ್ರ. ಅದರ ಹೊರಗೆ ಕೊಟ್ಟರೆ ಅದು ಅನೈತಿಕ, ವೃತ್ತಿ ದುರಾಚಾರ. ಮೂತ್ರ ಸೋರಿಕೆ ಆ ಸ್ಥಾಪಿತ ಬಳಕೆಯ ಪಟ್ಟಿಯಲ್ಲಿಲ್ಲ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳ ಅಡಿಯಲ್ಲಿ ಪ್ರಯೋಗದಿಂದ ಹಾನಿಯಾದವರಿಗೆ ಉಚಿತ ಚಿಕಿತ್ಸೆ ಮತ್ತು ಪರಿಹಾರದ ಹಕ್ಕಿದೆ. ಭಾರತದ ಕ್ಲಿನಿಕಲ್ ಪ್ರಯೋಗ ನೋಂದಣಿ 2007ರಲ್ಲಿ ಆರಂಭವಾಯಿತು. 2009ರ ಜೂನ್‌ನಿಂದ ನೋಂದಣಿ ಕಡ್ಡಾಯ. ಆ ತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ಹುಡುಕಬಹುದು. ಪ್ರಯೋಗ ನಡೆಸುವವರು ಯಾರು, ಯಾವ ಆಸ್ಪತ್ರೆ, ಯಾವ ನೈತಿಕ ಸಮಿತಿ ಒಪ್ಪಿದೆ, ಯಾವುದರೊಡನೆ ಹೋಲಿಸುತ್ತಾರೆ, ಏನನ್ನು ಅಳೆಯುತ್ತಾರೆ ಎಲ್ಲವೂ ಅಲ್ಲಿ ಬರೆದಿರಬೇಕು.

ಕೋಶದ ಮಾತಿಗೆ ಹೋಗುವ ಮೊದಲು ಬೇಕಾದ ಚಿಕಿತ್ಸೆಯೊಂದಿದೆ, ಅದು ನಮ್ಮಲ್ಲಿ ಸಾಕಷ್ಟು ಹೆಂಗಸರಿಗೆ ತಲುಪುತ್ತಿಲ್ಲ ಎಂಬುದು ನನ್ನ ದೊಡ್ಡ ಕೊರಗು. ಕಿಬ್ಬೊಟ್ಟೆಯ ತಳದ ಸ್ನಾಯುಗಳ ವ್ಯಾಯಾಮವನ್ನು ಅಮೆರಿಕದ ಆರ್ನಲ್ಡ್ ಕೆಗೆಲ್ 1948ರಲ್ಲಿ ವಿವರಿಸಿದರು. ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಹೇಳುವುದು ಇಷ್ಟು: ತರಬೇತಿ ಪಡೆದವರ ಮೇಲ್ವಿಚಾರಣೆಯಲ್ಲಿ ಕನಿಷ್ಠ ಮೂರು ತಿಂಗಳು, ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಎಂಟಾದರೂ ಬಾರಿ ಬಿಗಿದು ಬಿಡುವುದು. ‘ಮೇಲ್ವಿಚಾರಣೆ’ ಎಂಬುದು ಇಲ್ಲಿ ಅಲಂಕಾರದ ಪದವಲ್ಲ. ಬಾಯಿಮಾತಿನಲ್ಲಿ ಹೇಳಿಸಿಕೊಂಡು ಹೋದವರಲ್ಲಿ ಹಲವರು ತಪ್ಪು ಸ್ನಾಯು ಬಿಗಿಯುತ್ತಾರೆ: ಹೊಟ್ಟೆ ಒಳಗೆಳೆಯುತ್ತಾರೆ, ಪೃಷ್ಠ ಬಿಗಿಯುತ್ತಾರೆ, ಕೆಲವರು ತಿಣುಕಿ ಕೆಳಕ್ಕೆ ಒತ್ತುತ್ತಾರೆ. ಕೆಳಕ್ಕೆ ಒತ್ತಿದರೆ ತೊಂದರೆ ಹೆಚ್ಚುತ್ತದೆ. ಫಿಸಿಯೊಥೆರಪಿಸ್ಟ್ ಅಥವಾ ಸ್ತ್ರೀರೋಗ ತಜ್ಞರು ಒಮ್ಮೆ ಪರೀಕ್ಷಿಸಿ ಸರಿಯಾದ ಸ್ನಾಯುವನ್ನು ಗುರುತಿಸಿಕೊಟ್ಟರೆ ಅರ್ಧ ಕೆಲಸ ಮುಗಿದಂತೆ. ಹೆರಿಗೆಯಾದ ಮೇಲೆ ಬಾಣಂತಿ ತಪಾಸಣೆಗೆ ಬಂದಾಗ ‘ಕೆಮ್ಮಿದರೆ ಸೋರುತ್ತದೆಯೇ ಅಮ್ಮಾ?’ ಎಂದು ಒಂದು ಪ್ರಶ್ನೆ ಕೇಳಲು ಖರ್ಚೇನೂ ಇಲ್ಲ. ವ್ಯಾಯಾಮಕ್ಕೆ ಬಗ್ಗದಿದ್ದರೆ ಯೋನಿಯೊಳಗೆ ಆಧಾರವಾಗಿ ಇಟ್ಟುಕೊಳ್ಳುವ ಪೆಸರಿ ಇದೆ, ಸ್ವಂತ ಅಂಗಾಂಶದ ಪಟ್ಟಿ ಇದೆ, ಬರ್ಚ್ ವಿಧಾನ ಇದೆ, ಚುಚ್ಚುವ ಹೊಸ ಜೆಲ್ ಇದೆ. ಅದಕ್ಕೆ ಅಮೆರಿಕದಲ್ಲಿ 2020ರಲ್ಲಿ ಅನುಮತಿ ಸಿಕ್ಕಿದೆ.

ಇಷ್ಟೆಲ್ಲ ಆಗಿಯೂ ಸೋರಿಕೆ ಉಳಿದ ಹೆಂಗಸಿಗೆ ಯಾರಾದರೂ ಕೋಶ ಚುಚ್ಚುವ ಮಾತಾಡಿದರೆ, ಅವಳು ಮೊದಲು ಕೇಳಬೇಕಾದದ್ದು ನೋಂದಣಿ ಸಂಖ್ಯೆ. ಒಪ್ಪಿಗೆ ಪತ್ರ ಅವಳಿಗೆ ಓದಲು ಬರುವ ಭಾಷೆಯಲ್ಲಿ, ಕನ್ನಡದವಳಿಗೆ ಕನ್ನಡದಲ್ಲೇ ಇರಬೇಕು. ಇದು ಪ್ರಯೋಗ ಎಂಬುದು ಅದರಲ್ಲಿ ಬರೆದಿರಬೇಕು. ಕೋಶವಿಲ್ಲದ ದ್ರಾವಣ ಸಿಗುವ ಸಾಧ್ಯತೆ ಇದ್ದರೆ ಅದನ್ನೂ ಬರೆದಿರಬೇಕು. ಯಾವಾಗ ಬೇಕಾದರೂ ಬಿಟ್ಟು ಹೋಗಬಹುದೆಂದೂ, ನೈತಿಕ ಸಮಿತಿಯನ್ನು ಯಾವ ಫೋನ್ ಸಂಖ್ಯೆಯಲ್ಲಿ ಸಂಪರ್ಕಿಸಬೇಕೆಂದೂ ಇರಬೇಕು. ಮನೆಗೆ ಒಯ್ದು ಓದಿ ಬರಲು ಸಮಯ ಕೊಡಬೇಕು. ಕೋಶಕ್ಕೆಂದು ಹಣ ಕೇಳಿದರೆ, ನೋಂದಣಿ ಸಂಖ್ಯೆ ಕೊಡದಿದ್ದರೆ ಅಲ್ಲಿಂದ ಎದ್ದು ಬರಬಹುದು; ಆ ವೈದ್ಯರ ಮೇಲೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಲಿಖಿತ ದೂರು ಕೊಡಬಹುದು.